ಪ್ಲಾಸ್ಟಿಕ್ ಬಾಕ್ಸ್ ಬಿಟ್ಟು ಬೇರೇನಿದೆ? ಚಿಕ್ಕ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಕೋಣೆಯ ಬಾಡಿಗೆ ಮನೆ, ಒಂದು ಸಜ್ಜಾ, ಒಂದು ಬೀರು. ಕಂಬಳಿ, ಹಬ್ಬದ ಪಾತ್ರೆ, ದಸರಾ ಗೊಂಬೆ, ಮಕ್ಕಳ ಹಳೆ ಪುಸ್ತಕ, ತಿಂಗಳ ಅಕ್ಕಿ-ಬೇಳೆ ಎಲ್ಲವೂ ಅದರಲ್ಲೇ ಕೂರಬೇಕು. ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಬಾಕ್ಸ್ ಬೇಡ, ಹಾಗಂತ ಜಾಗವೂ ಹಾಳಾಗಬಾರದು ಅನ್ನುವವರಿಗಾಗಿ ಈ ಉತ್ತರಗಳು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಬ್ಬ ತುಂಬಿದಾಗ ಎಷ್ಟು ಹಿಡಿಸುತ್ತದೆ ಅಂತ ಎಲ್ಲರೂ ನೋಡುತ್ತಾರೆ. ಖಾಲಿಯಾದಾಗ ಅದು ಏನಾಗುತ್ತದೆ ಅಂತ ನೋಡುವವರು ಕಡಿಮೆ. ಖಾಲಿಯಾದ ಮೇಲೆ ಅದು ಮಡಚಿ ಮೂಲೆ ಸೇರಬೇಕು, ಇಲ್ಲವೇ ಬೇರೆ ಕೆಲಸಕ್ಕೆ ಬರಬೇಕು. ಎರಡೂ ಆಗದಿದ್ದರೆ ಚಿಕ್ಕ ಮನೆಗೆ ಅದು ಭಾರವೇ.

ಪ್ಲಾಸ್ಟಿಕ್ ಬಾಕ್ಸ್‌ನಲ್ಲಿ ಅಂಥಾ ತೊಂದರೆ ಏನಿದೆ? ಹಗುರ, ಅಗ್ಗ, ಒಳಗಿರೋದೂ ಕಾಣುತ್ತೆ ಅಲ್ವಾ?

ಈ ಮೂರೂ ನಿಜ. ನೀರು ನುಗ್ಗುವ ಜಾಗದಲ್ಲಿ ಅದಕ್ಕಿಂತ ಒಳ್ಳೆಯದು ಕಷ್ಟ, ಆ ಮಾತು ಮುಂದೆ ಬರುತ್ತದೆ. ಆದರೆ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇಟ್ಟ ಬಾಕ್ಸ್ ಕೆಲವು ವರ್ಷಗಳಲ್ಲಿ ಗರಿಗರಿಯಾಗಿ ಸೀಳುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಪ್ಲಾಸ್ಟಿಕ್‌ನ ಬಿಗಿಯನ್ನೇ ಮುರಿಯುತ್ತದೆ. ಮೊದಲು ಹೋಗುವುದು ಮುಚ್ಚಳದ ಕ್ಲಿಪ್ಪು. ಕ್ಲಿಪ್ಪು ಹೋದ ಬಾಕ್ಸ್‌ಗೆ ಬೇರೆ ಮುಚ್ಚಳ ಸಿಗುವುದಿಲ್ಲ, ರಿಪೇರಿಯೂ ಇಲ್ಲ. ಬಟ್ಟೆ, ಕಾಗದ, ರೇಷ್ಮೆಯಂಥ ಸಾಮಾನಿಗೆ ಇನ್ನೊಂದು ತೊಂದರೆ ಇದೆ. ಇಡುವಾಗ ಸ್ವಲ್ಪ ತೇವ ಇದ್ದರೂ ಅದು ಒಳಗೇ ಉಳಿದುಬಿಡುತ್ತದೆ.

ಜಾಗ ಪೋಲಾಗುತ್ತದೆ ಅಂತೀರಿ. ಚೌಕದ ಬಾಕ್ಸ್‌ನಲ್ಲಿ ಜಾಗ ಎಲ್ಲಿ ಪೋಲಾಗುತ್ತೆ?

ಬಾಕ್ಸನ್ನು ಪಕ್ಕದಿಂದ ನೋಡಿ. ಬಾಯಿ ಅಗಲ, ತಳ ಕಿರಿದು. ಒಂದು ಲೆಕ್ಕ ಹಾಕೋಣ. ಬಾಯಿ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ. ತಳ 52ಕ್ಕೆ 32. ಎತ್ತರ 30. ಇದರಲ್ಲಿ ಹಿಡಿಸುವುದು ಸುಮಾರು 60 ಲೀಟರ್. ಅದೇ ಅಗಲದ ನೆಟ್ಟಗಿನ ಪೆಟ್ಟಿಗೆಯಾದರೆ 72 ಲೀಟರ್. ನೆಲದ ಮೇಲೆ ಎರಡೂ ಅಷ್ಟೇ ಜಾಗ ಹಿಡಿಯುತ್ತವೆ, ಆದರೆ ಒಂದರಲ್ಲಿ ಸುಮಾರು 12 ಲೀಟರ್ ಗಾಳಿಗೆ ಹೋಯಿತು. ಸಜ್ಜಾದ ಮೇಲೆ ಇಂಥ ಆರು ಬಾಕ್ಸ್ ಇದ್ದರೆ ಒಂದು ಇಡೀ ಬಾಕ್ಸ್‌ನಷ್ಟು ಜಾಗ ಅವುಗಳ ನಡುವಿನ ಸಂದಿಯಲ್ಲೇ ಇದೆ.

ಆ ಇಳಿಜಾರು ಸುಮ್ನೆ ಬಂದದ್ದಲ್ಲ. ಖಾಲಿ ಬಾಕ್ಸ್‌ಗಳು ಒಂದರೊಳಗೊಂದು ಕೂರಲಿ ಅಂತ ಹಾಗೆ ಮಾಡುತ್ತಾರೆ. ಲಾರಿಗೆ, ಅಂಗಡಿಗೆ ಅದರಿಂದ ಲಾಭ. ನಿಮ್ಮ ಮನೆಯಲ್ಲಿ ಅದು ವರ್ಷವಿಡೀ ತುಂಬಿಯೇ ಕೂರುತ್ತದೆ, ಹಾಗಾಗಿ ನಿಮಗೆ ಅದರಿಂದ ಏನೂ ಸಿಗುವುದಿಲ್ಲ.

ದುಂಡಗಿನ ಡಬ್ಬದ ಲೆಕ್ಕ ಇದಕ್ಕಿಂತ ಜಾಸ್ತಿ ಬೇಜಾರು ತರಿಸುತ್ತದೆ. ಚೌಕದ ಗೂಡಿನಲ್ಲಿ ದುಂಡಗಿನ ಡಬ್ಬ ಇಟ್ಟರೆ ನೂರಕ್ಕೆ 21 ಪಾಲು ಜಾಗ ಮೂಲೆಗಳಲ್ಲೇ ಹೋಗುತ್ತದೆ. ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಗಳೆಲ್ಲ ದುಂಡಗೇ ಇರುತ್ತವೆ. ಇರುವುದನ್ನು ಬಿಸಾಡಿ ಅನ್ನುತ್ತಿಲ್ಲ. ಹೊಸದಾಗಿ ಕೊಳ್ಳುವಾಗ ಚೌಕದ ಸ್ಟೀಲ್ ಡಬ್ಬ ಕೇಳಿ.

ಕೊಳ್ಳುವ ಮೊದಲು ಏನೇನು ಅಳೆಯಬೇಕು?

ಸಜ್ಜಾದ ಉದ್ದಗಲ ಎಲ್ಲರೂ ಅಳೆಯುತ್ತಾರೆ. ಅಳೆಯಬೇಕಾದದ್ದು ಅದರ ಬಾಯಿ. ಸಜ್ಜಾಕ್ಕೆ ಮರದ ಬಾಗಿಲು ಹಾಕಿಸಿದ್ದರೆ ಚೌಕಟ್ಟು ಎರಡು-ಮೂರು ಇಂಚು ತಿನ್ನುತ್ತದೆ. ಒಳಗೆ ಜಾಗ ಇದ್ದರೂ ಪೆಟ್ಟಿಗೆ ಬಾಯಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮಂಚದ ಕೆಳಗಾದರೆ ನೆಲದಿಂದ ಅಡ್ಡಪಟ್ಟಿಯ ಕೆಳಗಿನ ಅಂಚಿನವರೆಗೆ ಅಳೆಯಿರಿ, ಹಲಗೆಯವರೆಗೆ ಅಲ್ಲ. ಅದರಲ್ಲಿ ಒಂದು ಇಂಚು ಕಳೆಯಿರಿ, ಎಳೆಯುವಾಗ ಬೇಕಾಗುತ್ತದೆ. ಪೆಟ್ಟಿಗೆಯ ಪಕ್ಕದ ಹಿಡಿಕೆ ಎಷ್ಟು ಆಚೆ ಬರುತ್ತದೆ ಅಂತಲೂ ನೋಡಿ. ಮೇಲಕ್ಕೆ ತೆರೆಯುವ ಮುಚ್ಚಳವಾದರೆ, ಇದ್ದ ಜಾಗದಲ್ಲೇ ತೆರೆಯಲು ಮೇಲೆ ಅಷ್ಟು ಖಾಲಿ ಬೇಕು.

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಅಳತೆ ಟೇಪೂ ಜೊತೆಗಿರಲಿ. ಅಂಗಡಿಯಲ್ಲಿ ಕಣ್ಣಳತೆ ನಂಬಬೇಡಿ, ದೊಡ್ಡ ಅಂಗಡಿಯಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ.

ಹಳೇ ಕಾಲದ ಕಬ್ಬಿಣದ ಟ್ರಂಕು ಈಗಲೂ ಉಪಯೋಗಕ್ಕೆ ಬರುತ್ತಾ?

ನನ್ನ ಮಟ್ಟಿಗೆ ಮೊದಲ ಆಯ್ಕೆ ಅದೇ. ಅದರ ಪಕ್ಕಗಳು ನೆಟ್ಟಗೆ, ಮೂಲೆಗಳು ಚೂಪಾಗಿ ಇರುತ್ತವೆ. ಹಾಗಾಗಿ ಎರಡು ಟ್ರಂಕು ಪಕ್ಕಪಕ್ಕ ಇಟ್ಟರೆ ನಡುವೆ ಸಂದಿ ಉಳಿಯುವುದಿಲ್ಲ. ಇಲಿ ಕಡಿಯಲಾರದು, ಗೆದ್ದಲು ಹತ್ತದು. ಬೀಗ ಹಾಕಬಹುದು. ಚಿಲಕ ಮುರಿದರೆ ಊರಿನ ತಗಡು ಕೆಲಸದವರು ಹೊಸದು ಹಾಕಿಕೊಡುತ್ತಾರೆ. ಮೂವತ್ತು ಇಂಚು ಉದ್ದ, ಹದಿನೆಂಟು ಅಗಲ, ಹನ್ನೆರಡು ಎತ್ತರದ ಟ್ರಂಕಿನಲ್ಲಿ ಸುಮಾರು 106 ಲೀಟರ್ ಜಾಗ ಇರುತ್ತದೆ.

ಬೇರೆ ಬೇರೆ ಅಳತೆಯ ಟ್ರಂಕು ಕೊಂಡರೆ ಖಾಲಿ ಇದ್ದಾಗ ಚಿಕ್ಕದು ದೊಡ್ಡದರೊಳಗೆ ಹೋಗುತ್ತದೆ. ಮನೆ ಬದಲಾಯಿಸುವವರಿಗೆ ಇದು ದೊಡ್ಡ ಅನುಕೂಲ. ಮೇಲೊಂದು ದಪ್ಪ ಜಮಖಾನ ಹಾಸಿದರೆ ಕೂರುವ ಕಟ್ಟೆಯಾಗುತ್ತದೆ. ಕಿಟಕಿ ಕೆಳಗೆ ಎರಡು ಟ್ರಂಕು ಜೋಡಿಸಿ, ಮೇಲೆ ಹಾಸಿಗೆ ಹಾಕಿ ದಿವಾನ್ ಮಾಡಿಕೊಂಡ ಮನೆಗಳು ಬೇಕಾದಷ್ಟಿವೆ. ಸೋಫಾ ಕೊಳ್ಳುವ ದುಡ್ಡೂ ಉಳಿಯುತ್ತದೆ. ಕೂರುವ ಉದ್ದೇಶ ಇದ್ದರೆ ಅಂಗಡಿಯಲ್ಲೇ ಮುಚ್ಚಳದ ನಡುವೆ ಅಂಗೈಯಿಂದ ಒತ್ತಿ ನೋಡಿ. ತಗ್ಗಿ ಟಕ್ ಅಂದರೆ ತಗಡು ತೆಳು. ಅದನ್ನು ಸಜ್ಜಾಕ್ಕೆ ಇಟ್ಟುಕೊಳ್ಳಿ, ಕೂರಲು ಬೇಡ.

ತೊಂದರೆಗಳೂ ಇವೆ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದನ್ನು ತೆರೆಯಲು ಮೇಲಿನದನ್ನೆಲ್ಲ ಇಳಿಸಬೇಕು. ಆದ್ದರಿಂದ ಕೆಳಗಿನ ಟ್ರಂಕಿನಲ್ಲಿ ವರ್ಷಕ್ಕೊಮ್ಮೆ ಬೇಕಾಗುವ ಸಾಮಾನು ಮಾತ್ರ ಇರಲಿ. ಭಾರವೂ ಜಾಸ್ತಿ. ಮೇಲೆ ಹೇಳಿದ ಟ್ರಂಕಿಗೆ ಪುಸ್ತಕ ತುಂಬಿದರೆ 60 ಕೆ.ಜಿ. ಸುಲಭವಾಗಿ ದಾಟುತ್ತದೆ. ಅಂಥದ್ದನ್ನು ಸಜ್ಜಾಕ್ಕೆ ಏರಿಸುವ ಸಾಹಸ ಖಂಡಿತ ಬೇಡ. ಏಣಿಯ ಮೇಲೆ ನಿಂತು ಇಳಿಸುವವರ ಸೊಂಟ, ಕೆಳಗೆ ನಿಂತವರ ತಲೆ ಎರಡಕ್ಕೂ ಅಪಾಯ. ಮೇಲಕ್ಕೆ ಹೋಗುವುದೆಲ್ಲ ಒಬ್ಬರೇ ಎತ್ತುವಷ್ಟು ಹಗುರ ಇರಬೇಕು.

ನಮ್ಮದು ಕರಾವಳಿ. ಟ್ರಂಕು ತುಕ್ಕು ಹಿಡಿಯೋದಿಲ್ವಾ?

ಹಿಡಿಯುತ್ತದೆ. ಉಪ್ಪಿನ ಗಾಳಿಗೆ ಬರೀ ಬಣ್ಣ ಹೊಡೆದ ಕಬ್ಬಿಣ ಬೇಗ ಸೋಲುತ್ತದೆ. ಸತುವಿನ ಲೇಪ ಇರುವ ಜಿ.ಐ. ತಗಡಿನದೇ ಬೇಕು ಅಂತ ಕೇಳಿ. ಅದರಲ್ಲೂ ಗೀರು ಬಿದ್ದ ಜಾಗ, ಬೆಸುಗೆ ಹಾಕಿದ ಮೂಲೆ, ತಳದ ಅಂಚು ಮೊದಲು ಕೆಡುತ್ತವೆ. ತಂದ ದಿನವೇ ಆ ಜಾಗಗಳಿಗೆ ತುಕ್ಕು ತಡೆಯುವ ಪ್ರೈಮರ್ ಹಚ್ಚಿಬಿಡಿ. ನೆಲಕ್ಕೆ ತಾಗದಂತೆ ನಾಲ್ಕು ಮರದ ತುಂಡುಗಳ ಮೇಲೆ ಇಡಿ. ಗೋಡೆಗೂ ನಾಲ್ಕು ಬೆರಳು ಜಾಗ ಬಿಡಿ. ಮಳೆಗಾಲದಲ್ಲಿ ಗೋಡೆ ಬೆವರಿದರೆ ಟ್ರಂಕಿನ ಬೆನ್ನೇ ಮೊದಲು ಹೋಗುತ್ತದೆ.

ಒಳಗೆ ಬರೀ ತಗಡಿನ ಮೇಲೆ ಬಟ್ಟೆ ಇಡಬೇಡಿ. ಹಳೆಯ ಹತ್ತಿ ಸೀರೆ ಅಥವಾ ಪಂಚೆ ಎರಡು ಪದರ ಹಾಸಿ. ತುಕ್ಕಿನ ಕಲೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ.

ಮಲೆನಾಡಿನ ಮಳೆಯಲ್ಲಿ ಏನೇ ಇಟ್ಟರೂ ಬೂಷ್ಟು ಬರುತ್ತೆ. ಯಾವ ಡಬ್ಬ ಸರಿ?

ಬೂಷ್ಟಿನ ವಿಷಯದಲ್ಲಿ ಡಬ್ಬಕ್ಕಿಂತ ಇಡುವ ದಿನ ಮುಖ್ಯ. ಗಾಳಿಯಲ್ಲಿ ತೇವ ನೂರಕ್ಕೆ 70 ದಾಟಿ ದಿನಗಟ್ಟಲೆ ಹಾಗೇ ಇದ್ದರೆ ಬಟ್ಟೆ, ಚರ್ಮ, ಮರ ಎಲ್ಲಕ್ಕೂ ಬೂಷ್ಟು ಬರುತ್ತದೆ. ಆಗುಂಬೆ, ತೀರ್ಥಹಳ್ಳಿ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಮಾಮೂಲಿ. ಮಳೆ ಹಿಡಿದ ಮೇಲೆ ಪೆಟ್ಟಿಗೆ ಮುಚ್ಚಿದರೆ ಆ ತೇವದ ಗಾಳಿಯನ್ನೂ ಸೇರಿಸಿಯೇ ಮುಚ್ಚಿದ ಹಾಗೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಎಲ್ಲವನ್ನೂ ಒಣಗಿಸಿ, ನೆರಳಲ್ಲಿ ಆರಲು ಬಿಟ್ಟು, ಆಮೇಲೆ ಮುಚ್ಚಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ನೀರು ಹನಿಯುತ್ತದೆ.

ಹಾಗೆ ಒಣಗಿಸಿ ಮುಚ್ಚಿದರೆ ಬಿಗಿಯಾದ ಟ್ರಂಕು ಒಳ್ಳೆಯದು. ಒಣಗಿಸಲು ಆಗಲೇ ಇಲ್ಲ ಅಂದರೆ ಗಾಳಿಯಾಡುವ ಬುಟ್ಟಿಯೇ ಮೇಲು, ಆಗಾಗ ತೆಗೆದು ಕೊಡವುತ್ತಿರಬೇಕು. ತೇವ ಹೀರುವ ಸಿಲಿಕಾ ಜೆಲ್ ಇಡುವವರು ಚಪ್ಪಲಿ ಬಾಕ್ಸ್‌ನಲ್ಲಿ ಬರುವ ಪುಟ್ಟ ಪೊಟ್ಟಣ ನೆಚ್ಚಿಕೊಳ್ಳಬೇಡಿ. ದೊಡ್ಡ ಟ್ರಂಕಿಗೆ ಅದು ಏನೇನೂ ಸಾಲದು, ದೊಡ್ಡ ಪೊಟ್ಟಣಗಳೇ ಬೇಕು.

ಬಿದಿರಿನ ಬುಟ್ಟಿ ನೋಡೋಕೆ ಚೆನ್ನ. ಆದರೆ ಜಾಗ ಉಳಿಯುತ್ತಾ?

ದುಂಡಗಿನ ಬುಟ್ಟಿಯಲ್ಲಿ ಉಳಿಯುವುದಿಲ್ಲ, ಮೇಲಿನ ಲೆಕ್ಕವೇ ಇದಕ್ಕೂ. ಆದರೆ ಬುಟ್ಟಿಯಲ್ಲಿ ಒಂದು ಗುಣ ಇದೆ, ಅದು ಬೇರೆ ಯಾವುದರಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ನಿಮ್ಮ ಅಳತೆಗೇ ಹೆಣೆದುಕೊಡುತ್ತಾರೆ. ಬೀರುವಿನ ಅಡಿಯ ಗೂಡು 14 ಇಂಚು ಅಗಲ, 19 ಇಂಚು ಆಳ ಇದ್ದರೆ ಅಷ್ಟಕ್ಕೇ ಸರಿಯಾಗಿ, ಚೌಕವಾಗಿ, ಬೇಕಾದ ಎತ್ತರಕ್ಕೆ ಹೆಣೆಸಬಹುದು. ನಮ್ಮಲ್ಲಿ ಈ ಕೆಲಸ ತಲೆತಲಾಂತರದಿಂದ ಮಾಡಿಕೊಂಡು ಬಂದವರು ಮೇದಾರರು. ಮೈಸೂರಿನ ಬಂಬೂ ಬಜಾರ್‌, ಬೆಂಗಳೂರಿನ ಶಿವಾಜಿನಗರದ ಬಂಬೂ ಬಜಾರ್‌ ಅಲ್ಲದೆ ಎಷ್ಟೋ ಊರುಗಳಲ್ಲಿ ಮೇದಾರ ಕೇರಿ, ಮೇದಾರ ಓಣಿ ಅಂತಲೇ ಇವೆ. ಗೌರಿ ಹಬ್ಬದ ಮೊರಕ್ಕೆ ವರ್ಷಕ್ಕೊಮ್ಮೆ ಹೋಗುವ ಬದಲು ಮನೆಯ ಸಾಮಾನಿಗೂ ಅವರ ಹತ್ತಿರ ಹೋಗಿ. ಅಳತೆ ಬರೆದುಕೊಡಿ, ಹಬ್ಬದ ಗಡಿಬಿಡಿ ಇಲ್ಲದ ತಿಂಗಳಲ್ಲಿ ಹೇಳಿ, ಚೌಕಾಸಿ ಜಾಸ್ತಿ ಮಾಡಬೇಡಿ. ಸೀಳಿ, ಹದಮಾಡಿ, ಹೆಣೆಯುವುದು ದಿನಗಟ್ಟಲೆ ಕೂತು ಮಾಡುವ ಕೆಲಸ.

ಬಿದಿರಿಗೆ ದೊಡ್ಡ ಶತ್ರು ಕುಟ್ಟೆ ಹುಳ. ಬಿದಿರಿನಲ್ಲಿರುವ ಪಿಷ್ಟಕ್ಕೆ ಅದು ಬರುತ್ತದೆ. ಬುಟ್ಟಿಯ ಕೆಳಗೆ ಹಳದಿ ಪುಡಿ ಬಿದ್ದಿದ್ದರೆ ಹುಳ ಒಳಗಿದೆ ಅಂತ ಅರ್ಥ. ನೀರಿನಲ್ಲಿ ನೆನೆಸಿ ಪಿಷ್ಟ ತೆಗೆದ ಬಿದಿರು, ಹುಳ ತಡೆಯುವ ಬೋರಾಕ್ಸ್-ಬೋರಿಕ್ ಆ್ಯಸಿಡ್ ದ್ರಾವಣ ಕುಡಿಸಿದ ಬಿದಿರು ಜಾಸ್ತಿ ಬಾಳುತ್ತದೆ. ಹೀಗೆ ಹದ ಮಾಡಿದ ಬುಟ್ಟಿಯನ್ನು ಬಟ್ಟೆ, ಆಟಿಕೆಗೆ ಇಟ್ಟುಕೊಳ್ಳಿ, ಆಹಾರಕ್ಕೆ ಬೇಡ. ಹಳೆಯ ಮಲೆನಾಡು ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುತ್ತಿದ್ದರು. ಗ್ಯಾಸ್ ಒಲೆಯ ಮನೆಯಲ್ಲಿ ಆ ಅನುಕೂಲ ಇಲ್ಲ, ಹಾಗಾಗಿ ತಿಂಗಳಿಗೊಮ್ಮೆ ಬಿಸಿಲಿಗೆ ಇಡಬೇಕು. ಸಂದಿಯಿಂದ ಧೂಳು ಇಳಿಯುತ್ತದೆ ಅನ್ನುವವರು ಒಳಗೆ ಒಂದು ಬಟ್ಟೆಯ ಚೀಲ ಹೊಲಿಸಿ ಹಾಕಿ. ಮೊರಕ್ಕೆ ಮೆಂತ್ಯ ಮತ್ತು ಹಳೆ ಕಾಗದ ರುಬ್ಬಿ ಬಳಿಯುತ್ತಿದ್ದರಲ್ಲ, ಅದು ಬುಟ್ಟಿಗೂ ಆಗುತ್ತದೆ.

ಬಾಗಿನದ ಮೊರಗಳು ಮನೆಯಲ್ಲಿ ರಾಶಿ ಇದ್ದರೆ ಅವನ್ನೂ ಬಳಸಿ. ಆಳವಿಲ್ಲದ ಗೂಡಿನಲ್ಲಿ ಎಳೆಯುವ ತಟ್ಟೆಯ ಹಾಗೆ ಇಟ್ಟು ಈರುಳ್ಳಿ, ಬೆಳ್ಳುಳ್ಳಿ ಹರಡಬಹುದು.

ಮಡಚುವ ಬಟ್ಟೆ ಬಾಕ್ಸ್ ಸಿಗುತ್ತವಲ್ಲ, ಅವು ಪ್ಲಾಸ್ಟಿಕ್ ಅಲ್ಲ ತಾನೇ?

ಬಹುತೇಕ ಪ್ಲಾಸ್ಟಿಕ್ಕೇ. ಬಟ್ಟೆಯ ಹಾಗೆ ಕಾಣುವ, ಚುಕ್ಕಿ ಚುಕ್ಕಿ ಒತ್ತಿದ ಆ ವಸ್ತು ನಾನ್‌ವೋವನ್, ಅಂದರೆ ನೇಯದೆ ಒತ್ತಿ ಮಾಡಿದ್ದು. ಅದನ್ನು ಮಾಡುವುದು ಪಾಲಿಪ್ರೊಪಿಲಿನ್‌ನಿಂದ, ಅಂದರೆ ಮುಚ್ಚಳದ ಬಾಕ್ಸ್‌ನ ಜಾತಿಯದೇ. ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ನಿಯಮಗಳಲ್ಲೂ ನಾನ್‌ವೋವನ್ ಕೈಚೀಲ ಪ್ಲಾಸ್ಟಿಕ್ ಲೆಕ್ಕಕ್ಕೇ ಬರುತ್ತದೆ. 2021ರ ಸೆಪ್ಟೆಂಬರ್ 30ರಿಂದ ಅದು ಚದರ ಮೀಟರಿಗೆ 60 ಗ್ರಾಂಗಿಂತ ತೆಳು ಇರಬಾರದು. ಹಳೆಯದಾದ ಮೇಲೆ ಇದು ಪುಡಿಪುಡಿಯಾಗಿ ಉದುರುತ್ತದೆ. ಸೀರೆಯ ಮೇಲೆ ಆ ಪುಡಿ ಕೂತರೆ ತೆಗೆಯುವುದು ಕಷ್ಟ.

ಆದರೆ ಮಡಚುವ ಯೋಚನೆ ಬಹಳ ಒಳ್ಳೆಯದು. ಅದನ್ನು ದಪ್ಪ ಕ್ಯಾನ್ವಾಸ್‌ನಲ್ಲಿ ಹೊಲಿಸಿಕೊಳ್ಳಿ. ಟೈಲರ್ ಹತ್ತಿರ ಹೋಗಿ ಅಳತೆ ಕೊಟ್ಟು, ತಳಕ್ಕೆ ಮತ್ತು ನಾಲ್ಕು ಪಕ್ಕಕ್ಕೆ ಜೇಬಿನ ಹಾಗೆ ಪದರ ಬಿಡಲು ಹೇಳಿ. ಆ ಜೇಬುಗಳಿಗೆ ದಪ್ಪ ರಟ್ಟು ತೂರಿಸಿದರೆ ಬಾಕ್ಸ್ ನೆಟ್ಟಗೆ ನಿಲ್ಲುತ್ತದೆ. ಒಗೆಯುವಾಗ ರಟ್ಟು ತೆಗೆಯಿರಿ. ಖಾಲಿಯಾದಾಗ ಚಪ್ಪಟೆ ಮಾಡಿ ಹಾಸಿಗೆ ಕೆಳಗೆ ಇಡಿ. ಹಳೆ ಜೀನ್ಸ್ ಪ್ಯಾಂಟುಗಳಿದ್ದರೆ ಕ್ಯಾನ್ವಾಸ್ ಕೊಳ್ಳುವುದೂ ಬೇಡ.

ರಟ್ಟಿನ ಪೆಟ್ಟಿಗೆ ಸುಮ್ನೆ ಸಿಗುತ್ತೆ. ಅದನ್ನೇ ಇಟ್ಟುಕೊಳ್ಳಬಹುದಾ?

ಮನೆ ಬದಲಾಯಿಸುವ ವಾರಕ್ಕೆ ಸರಿ, ವರ್ಷಕ್ಕೆ ಬೇಡ. ಅಲೆಅಲೆಯಾದ ರಟ್ಟಿನ ಸಂದಿಯಲ್ಲಿ ಜಿರಳೆ ಮೊಟ್ಟೆ ಇಡುತ್ತದೆ, ಅಂಟಿನಲ್ಲಿರುವ ಪಿಷ್ಟ ಹುಳಗಳನ್ನು ಕರೆಯುತ್ತದೆ. ನೆಲದ ಮೇಲಿಟ್ಟರೆ ಗೆದ್ದಲು. ಕಿರಾಣಿ ಅಂಗಡಿಯಿಂದ ತಂದ ಪೆಟ್ಟಿಗೆಯಲ್ಲಿ ಜಿರಳೆಯೂ ಜೊತೆಗೇ ಮನೆಗೆ ಬರಬಹುದು.

ಪ್ಲೈವುಡ್ ಅಥವಾ ಮರದ ಪೆಟ್ಟಿಗೆ?

ಮಂಚದ ಕೆಳಗೆ ಚಕ್ರ ಹಾಕಿದ, ಮುಚ್ಚಳವಿಲ್ಲದ ಪ್ಲೈವುಡ್ ತಟ್ಟೆ ಪೆಟ್ಟಿಗೆ ಬಹಳ ಉಪಯೋಗ. ಬಡಗಿಗೆ ಅಳತೆ ಕೊಟ್ಟರೆ ಒಂದೇ ದಿನದ ಕೆಲಸ. ಮುಚ್ಚಳ ಬೇಡ, ಮೇಲೊಂದು ಹಳೆ ಬೆಡ್‌ಶೀಟ್ ಹೊದಿಸಿದರೆ ಧೂಳಿಗೆ ಸಾಕು. ಲಾರಿಯಲ್ಲಿ ಸರಕಿನ ಕೆಳಗೆ ಇಡುವ ಮರದ ಚೌಕಟ್ಟಿನ, ಅಂದರೆ ಪ್ಯಾಲೆಟ್‌ನ, ಹಳೆ ಮರ ಅಗ್ಗಕ್ಕೆ ಸಿಕ್ಕರೆ ಅದರ ಮೇಲಿನ ಮುದ್ರೆ ನೋಡಿ. ಎಚ್‌.ಟಿ. ಅಂತ ಇದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ತರಬಹುದು. ಎಂ.ಬಿ. ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲ ಹಾಯಿಸಿದ್ದು, ಮನೆಯೊಳಗೆ ಬೇಡ.

ರೇಷ್ಮೆ ಸೀರೆಗಳನ್ನು ಯಾವುದರಲ್ಲಿ ಇಡೋದು?

ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಬೇಡ, ಅಂಗಡಿಯವರೇ ಹಾಕಿಕೊಟ್ಟಿದ್ದರೂ ಮನೆಗೆ ಬಂದು ತೆಗೆದುಬಿಡಿ. ರೇಷ್ಮೆಗೆ ಗಾಳಿ ಬೇಕು. ಬೆಳ್ಳಿ ಎಳೆಯಿರುವ ಜರಿ ತೇವ ಮತ್ತು ಗಂಧಕದ ಅಂಶ ತಾಗಿದರೆ ಕಪ್ಪಾಗುತ್ತದೆ. ಮೈಸೂರು ಸಿಲ್ಕ್ ಆಗಲಿ, ಧಾರೆ ಸೀರೆಯಾಗಲಿ, ಒಗೆದು ಮೆತ್ತಗಾದ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ. ಅದರಷ್ಟು ಒಳ್ಳೆಯ ಕವರ್ ಯಾವ ಅಂಗಡಿಯಲ್ಲೂ ಇಲ್ಲ. ಮೂರು-ನಾಲ್ಕು ತಿಂಗಳಿಗೊಮ್ಮೆ ತೆಗೆದು ಬೇರೆ ಮಡಿಕೆ ಹಾಕಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಅಲ್ಲೇ ಸೀಳುತ್ತದೆ. ಅಜ್ಜಿಯ ಕಾಲದ ಸೀರೆ ಮಡಿಕೆಯ ಗೆರೆಯಲ್ಲೇ ಹೋದದ್ದು ಎಷ್ಟೋ ಮನೆಗಳಲ್ಲಿ ಕಾಣಸಿಗುತ್ತದೆ.

ಜಾಗ ಉಳಿಯಬೇಕಾದರೆ ಹ್ಯಾಂಗರ್ ಬಿಡಿ. ಮಲಗಿಸಿದ ಸೀರೆಗಳನ್ನು ಆಳ ಕಡಿಮೆ ಇರುವ ಪೆಟ್ಟಿಗೆಯಲ್ಲಿ ಐದಾರರಂತೆ ಇಡಿ. ಹತ್ತು-ಹನ್ನೆರಡು ಪೇರಿಸಿದರೆ ಕೆಳಗಿನದರ ಜರಿಗೆ ಭಾರ ಬೀಳುತ್ತದೆ.

ನುಸಿಗುಳಿಗೆ ಜರಿಗೆ ತಾಗಬಾರದು, ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಎಳೆ ಮಕ್ಕಳ ಬಟ್ಟೆ, ಹೊದಿಕೆ ಇರುವ ಪೆಟ್ಟಿಗೆಗೆ ನುಸಿಗುಳಿಗೆ ಹಾಕಲೇಬೇಡಿ. ಜಿ6ಪಿಡಿ (ಕೆಂಪು ರಕ್ತಕಣ ಕಾಯುವ ಒಂದು ಕಿಣ್ವ) ಹುಟ್ಟಿನಿಂದಲೇ ಕೊರತೆ ಇರುವ ಶಿಶುಗಳಲ್ಲಿ ನುಸಿಗುಳಿಗೆಯ ನಾಫ್ತಲಿನ್‌ನಿಂದ ಕೆಂಪು ರಕ್ತಕಣ ಒಡೆಯುತ್ತದೆ, ಕಾಮಾಲೆ ಏರುತ್ತದೆ. ಕೊರತೆ ಇದೆಯೋ ಇಲ್ಲವೋ ಎಷ್ಟೋ ತಂದೆತಾಯಿಗೆ ಗೊತ್ತೇ ಇರುವುದಿಲ್ಲ. ಒಣಗಿದ ಬೇವಿನ ಎಲೆ ಸಾಕು.

ಕಂಬಳಿ, ರಜಾಯಿ, ಎಕ್ಸ್‌ಟ್ರಾ ಹಾಸಿಗೆಗಳೇ ಅರ್ಧ ಮನೆ ತಿನ್ನುತ್ತವೆ. ಏನು ಮಾಡೋದು?

ಮೊದಲು ಸೂಟ್‌ಕೇಸ್‌ಗಳನ್ನು ನೋಡಿ. ಬೀರುವಿನ ಮೇಲೆ ಖಾಲಿ ಸೂಟ್‌ಕೇಸ್ ಕೂತಿರದ ಮನೆ ಕಡಿಮೆ. ಮಕ್ಕಳು ಹೊರದೇಶದಲ್ಲಿದ್ದರಂತೂ ಎರಡು-ಮೂರು ದೊಡ್ಡವೇ ಇರುತ್ತವೆ. ರಜಾಯಿಗಳನ್ನೆಲ್ಲ ಅವುಗಳಿಗೆ ತುಂಬಿ. ಪ್ರಯಾಣ ಬಂದಾಗ ರಜಾಯಿ ಮಂಚದ ಮೇಲೆ ಎರಡು ವಾರ ಕೂತರೆ ಏನೂ ಆಗುವುದಿಲ್ಲ.

ಆಮೇಲೆ ದಿಂಬಿನ ಕವರ್. ತೆಳು ರಜಾಯಿಯನ್ನು ಸುತ್ತಿ ದಪ್ಪ ಕವರಿಗೆ ತುರುಕಿದರೆ ಒರಗುದಿಂಬು ಆಗುತ್ತದೆ. ದಿವಾನ್ ಮೇಲೆ ಹಾಕಿ, ನೆಂಟರು ಬಂದಾಗ ಬಿಚ್ಚಿ ಹೊದಿಸಿ. ಇದಕ್ಕೆ ಪೆಟ್ಟಿಗೆಯೇ ಬೇಡ.

ಗಾಳಿ ಎಳೆದು ಚಪ್ಪಟೆ ಮಾಡುವ ಚೀಲದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಜಾಗ ಉಳಿಯುವುದು ನಿಜ. ಆದರೆ ಅದೂ ಪ್ಲಾಸ್ಟಿಕ್ಕೇ, ಸಣ್ಣ ತೂತು ಬಿದ್ದರೆ ಮತ್ತೆ ಊದಿಕೊಳ್ಳುತ್ತದೆ. ಹತ್ತಿಯ ಹಾಸಿಗೆಯನ್ನು ತಿಂಗಳುಗಟ್ಟಲೆ ಅದುಮಿ ಇಟ್ಟರೆ ಅರಳೆ ಗಟ್ಟಿಯಾಗುತ್ತದೆ. ಕುರಿಯ ಉಣ್ಣೆಯ ಕಂಬಳಿಗೆ ಅದು ಬೇಡವೇ ಬೇಡ. ಚಳ್ಳಕೆರೆ ಕಡೆಯ ಕರಿ ಕಂಬಳಿ ಮನೆಯಲ್ಲಿದ್ದರೆ ಬಿಸಿಲಲ್ಲಿ ಕೊಡವಿ, ಬೇವಿನ ಸೊಪ್ಪು ಒಣಗಿಸಿ ನಡುವೆ ಇಟ್ಟು, ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಟ್ರಂಕಿಗೆ ಹಾಕಿ. ಉಣ್ಣೆ ತಿನ್ನುವ ಹುಳಕ್ಕೆ ಕತ್ತಲು ಮತ್ತು ಅಲುಗಾಡದ ಜಾಗ ಇಷ್ಟ, ಆಗಾಗ ತೆಗೆದು ಕೊಡವುವುದೇ ಒಳ್ಳೆಯ ಮದ್ದು.

ಅಡುಗೆಮನೆಯಲ್ಲಿ ಅಕ್ಕಿ, ರಾಗಿ, ಬೇಳೆಗೆ ಪ್ಲಾಸ್ಟಿಕ್ ಡ್ರಮ್ ಬಿಟ್ಟು ಏನಿದೆ?

ಧಾನ್ಯ ಇಡುವುದರಲ್ಲಿ ನಮ್ಮ ನಾಡಿನವರ ಅನುಭವ ದೊಡ್ಡದು. ಹಳೇ ಮೈಸೂರು ಕಡೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ದಕ್ಷಿಣ ಕನ್ನಡದಲ್ಲಿ ಬೈಹುಲ್ಲಿನಿಂದ ಬಿಗಿಯಾಗಿ ಮುಡಿ ಕಟ್ಟಿ ಅಕ್ಕಿ ಇಡುತ್ತಿದ್ದರು. ಹಗೇವಿಗೂ ಮುಡಿಗೂ ಒಂದೇ ಷರತ್ತು, ಒಳಗೆ ಹೋಗುವ ಧಾನ್ಯ ಚೆನ್ನಾಗಿ ಒಣಗಿರಬೇಕು. ಇವತ್ತಿನ ಸ್ಟೀಲ್ ಡಬ್ಬಕ್ಕೂ ಅದೇ ಮಾತು.

ಕೊಳ್ಳುವಾಗ ಲೆಕ್ಕ ಹೀಗೆ. 25 ಕೆ.ಜಿ. ಅಕ್ಕಿಗೆ ಸುಮಾರು 30ರಿಂದ 32 ಲೀಟರ್ ಜಾಗ ಬೇಕು. ರಾಗಿಗೂ ಹೆಚ್ಚು ಕಮ್ಮಿ ಅಷ್ಟೇ. ಹಿಟ್ಟು ಹಗುರ, ಅದಕ್ಕೆ ಜಾಸ್ತಿ ಬೇಕು. ಡಬ್ಬದಲ್ಲಿ ಅರ್ಧ ಗಾಳಿ ಇದ್ದರೆ ಹುಳಕ್ಕೂ ಅನುಕೂಲ, ಜಾಗವೂ ನಷ್ಟ. ಆದ್ದರಿಂದ ಒಂದು ದೊಡ್ಡ ಡ್ರಮ್‌ಗಿಂತ ಎರಡು ಮಧ್ಯಮ ಗಾತ್ರದವು ಒಳ್ಳೆಯದು. ಒಂದು ತುಂಬಿ ಮುಚ್ಚಿರುತ್ತದೆ, ಇನ್ನೊಂದು ದಿನಬಳಕೆಗೆ.

15 ಕೆ.ಜಿ. ಅಡುಗೆ ಎಣ್ಣೆ ಬರುವ ಚೌಕದ ತಗಡಿನ ಡಬ್ಬವನ್ನು ನಾನು ತುಂಬಾ ಮೆಚ್ಚುತ್ತೇನೆ. ಹೋಟೆಲು, ಬೇಕರಿಯವರ ಹತ್ತಿರ ಖಾಲಿ ಡಬ್ಬ ಅಗ್ಗಕ್ಕೆ ಸಿಗುತ್ತದೆ. ತಗಡಿನ ಕೆಲಸದವರು ಮೇಲ್ಭಾಗ ಕತ್ತರಿಸಿ, ಅಂಚು ಮಡಚಿ, ಮುಚ್ಚಳ ಕೂರಿಸಿಕೊಡುತ್ತಾರೆ. ಕತ್ತರಿಸಿದ ಅಂಚು ಕೈ ಕೊಯ್ಯುತ್ತದೆ, ಮಡಚಿಸದೆ ತರಬೇಡಿ. ಬಿಸಿನೀರು, ಸೋಪು, ಸೀಗೆಪುಡಿಯಿಂದ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿದರೆ ಒಂದರಲ್ಲಿ ಸುಮಾರು 13 ಕೆ.ಜಿ. ಅಕ್ಕಿ ಹಿಡಿಸುತ್ತದೆ. ನಾಲ್ಕು ಡಬ್ಬ ಸಾಲಾಗಿ ನಿಂತರೆ ನಡುವೆ ಬೆರಳೂ ಹೋಗುವುದಿಲ್ಲ. ತುಕ್ಕು ಕಂಡರೆ ಮಾತ್ರ ಆಹಾರಕ್ಕೆ ಬಳಸಬೇಡಿ.

ತೊಗರಿಬೇಳೆಗೆ ಚೂರು ಹರಳೆಣ್ಣೆ ಸವರಿಟ್ಟರೆ ಹುಳ ಬೀಳುವುದು ಕಡಿಮೆ. ಹುಣಸೆಹಣ್ಣು, ಉಪ್ಪು, ಉಪ್ಪಿನಕಾಯಿ ಲೋಹಕ್ಕೆ ತಾಗಬಾರದು. ಅವಕ್ಕೆ ಪಿಂಗಾಣಿ ಜಾಡಿ ಅಥವಾ ಗಾಜಿನ ಬಾಟಲಿ. ಜಾಡಿ ದುಂಡಗೆ, ದಪ್ಪ, ಜಾಗ ತಿನ್ನುತ್ತದೆ. ಆದರೆ ಮಿಡಿ ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆಯದು ಇಲ್ಲ, ಅಷ್ಟು ಜಾಗ ಕೊಡಬೇಕು.

ದಸರಾ ಗೊಂಬೆಗಳು ವರ್ಷಕ್ಕೆ ಹತ್ತು ದಿನ ಹೊರಗೆ, ಉಳಿದ ದಿನ ಪೆಟ್ಟಿಗೆಯಲ್ಲಿ. ಅವಕ್ಕೆ?

ಗೊಂಬೆಗೆ ಟ್ರಂಕು ಹೇಳಿ ಮಾಡಿಸಿದ್ದು. ನವರಾತ್ರಿಯಲ್ಲಿ ಗೊಂಬೆ ಹೊರಗೆ ಬಂದಾಗ ಟ್ರಂಕುಗಳು ಖಾಲಿಯಾಗುತ್ತವೆ. ಅವನ್ನೇ ಎತ್ತರದ ಪ್ರಕಾರ ಜೋಡಿಸಿ, ಮೇಲೆ ಬಿಳಿ ಬಟ್ಟೆ ಹಾಸಿದರೆ ಗೊಂಬೆ ಕೂರಿಸುವ ಮೆಟ್ಟಿಲು ಸಿದ್ಧ. ಎಷ್ಟೋ ಮನೆಗಳಲ್ಲಿ ಹೀಗೇ ನಡೆದು ಬಂದಿದೆ. ಪ್ರತ್ಯೇಕ ಕಬ್ಬಿಣದ ಮೆಟ್ಟಿಲು ಕೊಂಡರೆ ಅದನ್ನು ಇಡಲೂ ಒಂದು ಜಾಗ ಹುಡುಕಬೇಕು.

ಮಣ್ಣಿನ ಗೊಂಬೆ, ಕಾಗದದ ಗೊಂಬೆ, ಮರದ ಪಟ್ಟದ ಗೊಂಬೆ ಮೂರನ್ನೂ ಒಂದೇ ಟ್ರಂಕಿನಲ್ಲಿ ಬೆರೆಸಬೇಡಿ. ಮಣ್ಣಿನವನ್ನು ಒಂದೊಂದಾಗಿ ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ನಿಲ್ಲಿಸಿ ಇಡಿ. ಮಲಗಿಸಿದರೆ ಮೂಗು, ಕೈ ಮೊದಲು ಮುರಿಯುತ್ತವೆ. ವೃತ್ತಪತ್ರಿಕೆಯ ಶಾಯಿ ಬಣ್ಣದ ಗೊಂಬೆಗೆ ಅಂಟುತ್ತದೆ, ಅದನ್ನು ಹೊರಗಿನ ಸುತ್ತಿಗೆ ಮಾತ್ರ ಬಳಸಿ. ಪಟ್ಟದ ಗೊಂಬೆಗೆ ಉಡಿಸಿದ ಸೀರೆ ಬಿಚ್ಚಿ ಬೇರೆ ಇಡಿ.

ಮನೆ ಪತ್ರ, ಸರ್ಟಿಫಿಕೇಟು, ಹಳೆ ಫೋಟೋ?

ಚಿಕ್ಕ ಸ್ಟೀಲ್ ಪೆಟ್ಟಿಗೆ, ಒಳಗೆ ಕಾಗದದ ಫೋಲ್ಡರ್. ಪಿ.ವಿ.ಸಿ. ಅನ್ನುವ ಪ್ಲಾಸ್ಟಿಕ್ ಹಾಳೆಯ ಆಲ್ಬಮ್‌ನಲ್ಲಿ ಫೋಟೋ ಕ್ರಮೇಣ ಅಂಟಿಕೊಳ್ಳುತ್ತದೆ. ಮೂಲ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಅದನ್ನು ತೆಗೆಯಲು ಬರುವುದಿಲ್ಲ.

ಇಲ್ಲೊಂದು ಜಾಗದಲ್ಲಿ ನಾನು ಪ್ಲಾಸ್ಟಿಕ್ ಪರವಾಗಿ ನಿಲ್ಲುತ್ತೇನೆ. ನಿಮ್ಮದು ನೆಲಮಾಳಿಗೆಯ ಮನೆ, ಅಥವಾ ಮಳೆ ಬಂದರೆ ನೀರು ನುಗ್ಗುವ ಬಡಾವಣೆ ಆಗಿದ್ದರೆ, ಪತ್ರಗಳಿಗೆ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಬಾಕ್ಸ್ ಇರಲಿ, ಅದೂ ಎದೆ ಎತ್ತರಕ್ಕಿಂತ ಮೇಲೆ. ಟ್ರಂಕಿನ ಸಂದಿಯಿಂದ ನೀರು ಇಳಿಯುತ್ತದೆ.

ಮನೆಯಲ್ಲಿ ಆಗಲೇ ಹತ್ತು ಪ್ಲಾಸ್ಟಿಕ್ ಬಾಕ್ಸ್ ಇವೆ. ಎಲ್ಲ ಎಸೆದುಬಿಡಲಾ?

ಬೇಡ. ಅವು ಇನ್ನೂ ಗಟ್ಟಿ ಇದ್ದರೆ ಅವಕ್ಕೆ ತಕ್ಕ ಕೆಲಸಕ್ಕೆ ಹಾಕಿ. ಬಚ್ಚಲಮನೆಯ ಸಾಮಾನು, ಸುತ್ತಿಗೆ-ಸ್ಪ್ಯಾನರ್, ಶೂ, ಬಣ್ಣದ ಡಬ್ಬ, ಮಕ್ಕಳ ಕ್ರಿಕೆಟ್ ಸಾಮಾನು ಇವೆಲ್ಲ ತೇವಕ್ಕೂ ಉಸಿರುಗಟ್ಟುವುದಕ್ಕೂ ಅಂಜುವುದಿಲ್ಲ. ಮುಚ್ಚಳ ಮುರಿದದ್ದಕ್ಕೆ ತಳದಲ್ಲಿ ತೂತು ಕೊರೆದು ಕೊತ್ತಂಬರಿ, ಮೆಂತ್ಯ ಬೆಳೆಯಿರಿ. ಪೂರ್ತಿ ಸೀಳಿದ್ದನ್ನು ತೊಳೆದು ಒಣ ಕಸಕ್ಕೆ ಕೊಡಿ. ತಳದ ತ್ರಿಕೋನದಲ್ಲಿ 5 ಅಂತ ಇದ್ದರೆ ಅದು ಪಾಲಿಪ್ರೊಪಿಲಿನ್, ಮರುಬಳಕೆಗೆ ಹೋಗುವ ಜಾತಿ. ಬೆಂಗಳೂರಿನಲ್ಲಿ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಬಹುದು, ಬೇರೆ ಊರಿನಲ್ಲಿ ಗುಜರಿಯವರು ತೆಗೆದುಕೊಳ್ಳುತ್ತಾರೆ.

ಹೊಸದನ್ನೆಲ್ಲ ಒಂದೇ ಸಲ ಕೊಳ್ಳಬೇಡಿ. ಒಂದು ಬಾಕ್ಸ್ ಮುರಿದಾಗ ಒಂದು ಟ್ರಂಕೋ ಬುಟ್ಟಿಯೋ ಬರಲಿ. ಊರಲ್ಲಿ ಅಜ್ಜಿ ಮನೆಯ ಅಟ್ಟವನ್ನೂ ಒಮ್ಮೆ ಹತ್ತಿ ನೋಡಿ. ಮೇಲೆ ತುಕ್ಕಿದ್ದರೂ ಹಳೇ ಟ್ರಂಕಿನ ತಗಡು ದಪ್ಪ. ಸ್ಯಾಂಡ್‌ಪೇಪರ್ ಉಜ್ಜಿ, ಪ್ರೈಮರ್ ಹಚ್ಚಿ, ಎರಡು ಕೋಟು ಬಣ್ಣ ಹೊಡೆದರೆ ಇನ್ನೊಂದು ತಲೆಮಾರಿಗೆ ಬರುತ್ತದೆ.

ಟ್ರಂಕು, ಬುಟ್ಟಿ ಒಳಗೆ ಏನಿದೆ ಅಂತ ಹೊರಗಿಂದ ಕಾಣಲ್ವಲ್ಲ?

ಪ್ರತಿ ಪೆಟ್ಟಿಗೆಗೆ ಒಂದು ನಂಬರು ಬರೆಯಿರಿ, ಎದುರಿಗೆ ಕಾಣುವ ಪಕ್ಕದಲ್ಲಿ, ಮುಚ್ಚಳದ ಮೇಲೆ ಅಲ್ಲ. ಬುಟ್ಟಿಗಾದರೆ ರಟ್ಟಿನ ಚೀಟಿ ದಾರದಲ್ಲಿ ಕಟ್ಟಿ. ಯಾವ ನಂಬರಿನಲ್ಲಿ ಏನಿದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಿಂದ ಬರೆದು, ಬೀರುವಿನ ಬಾಗಿಲ ಒಳಗೆ ಮೊಳೆಗೆ ನೇತುಹಾಕಿ. ಮುಚ್ಚುವ ಮೊದಲು ಮೊಬೈಲಿನಲ್ಲಿ ಒಳಗಿನ ಫೋಟೋ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ನಂಬರಿನ ಜೊತೆ ಹಾಕಿದರೆ ಇನ್ನೂ ಸುಲಭ. ಪೆಟ್ಟಿಗೆ ಇಟ್ಟವರು ಊರಿಗೆ ಹೋಗಿದ್ದಾಗಲೂ ಬೇರೆಯವರು ಹುಡುಕಿಕೊಳ್ಳಬಹುದು.